ಗುಬ್ಬಿಯಲ್ಲಿ ತೆರೆಯದ ಪುಟ

ಹೋದ ತಿಂಗಳು ಗುಬ್ಬಿಯಲ್ಲಿ ಒಂದು ಗೃಹಪ್ರವೇಶದ ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದು ಬರುವಾಗ ನಮ್ಮ ಹಳೆಯ ಕಟ್ಟಡ ಕಣ್ಣಿಗೆ ಬಿತ್ತು. ಈಗ ಅಲ್ಲಿ ಪರದೆ ಬಟ್ಟೆ, ಸೋಫಾ ಕವರು ಮಾರುತ್ತಾರೆ. ಮೆಟ್ಟಿಲ ಹತ್ತಿರ ಒಬ್ಬರು ಡಬ್ಬದಂಥ ಹಳೆಯ ಟೀವಿಯೊಂದನ್ನು ಬಿಚ್ಚಿಟ್ಟುಕೊಂಡು ರಿಪೇರಿ ಮಾಡುತ್ತಿದ್ದರು. ಕರೆಂಟು ಕೊಟ್ಟ ಕೂಡಲೇ ಒಳಗಿನ ಧೂಳು ಬಿಸಿಯಾಗಿ ವಾಸನೆ ಎದ್ದಿತು. ಒಣ ಸೊಪ್ಪು ಸುಟ್ಟಂತೆ, ಅದರ ಹಿಂದೆ ಸ್ವಲ್ಪ ರಬ್ಬರು. ಬಾಯಿಗಿಡಲು ಮಡಿಸಿದ್ದ ವೀಳ್ಯದೆಲೆ ಕೈಯಲ್ಲೇ ಉಳಿಯಿತು. ಆ ವಾಸನೆಗೆ ಒಂದಿಷ್ಟು ಸ್ಪಿರಿಟ್ಟು ಸೇರಿಸಿಬಿಟ್ಟರೆ ಅದು ನಮ್ಮ ಸೆಂಟರೇ. ಆ ಒಂದು ಆಷಾಢವೇ.

ಎರಡು ಸಾವಿರದ ದಶಕ ಇನ್ನೇನು ಮುಗಿಯುವುದರಲ್ಲಿತ್ತು. ತುಮಕೂರಿನ ಒಂದು ಖಾಸಗಿ ಲ್ಯಾಬಿಗೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಸೆಂಟರ್ ಇತ್ತು. ಗುಬ್ಬಿಯದನ್ನು ನಾನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದೆಂದರೆ ಬೆಳಿಗ್ಗೆ ಬಂದವರ ರಕ್ತ ತೆಗೆದು, ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸಿ, ಐಸಿನ ಪೆಟ್ಟಿಗೆಯಲ್ಲಿಟ್ಟು ತುಮಕೂರಿನ ಬಸ್ಸಿಗೆ ಹತ್ತಿಸುವುದು. ಅಲ್ಲಿಂದ ಬಂದ ವರದಿಯನ್ನು ಸಂಜೆ ಅವರವರಿಗೆ ಕೊಡುವುದು. ನನ್ನ ಜೊತೆಗಿದ್ದವರು ಅಟೆಂಡರ್ ಸಿದ್ದಲಿಂಗಯ್ಯ. ಐವತ್ತು ದಾಟಿದ್ದ ಮನುಷ್ಯ, ಹಣೆಯ ತುಂಬ ವಿಭೂತಿ. ಬಂದವರೇ ಕಸ ಹೊಡೆದು, ಗೋಡೆಯ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಅದೇ ಊದುಬತ್ತಿಯನ್ನು ಕಂಪ್ಯೂಟರಿಗೂ ಒಂದು ಸುತ್ತು ತೋರಿಸುತ್ತಿದ್ದರು. "ಅದೂ ದಿನಾ ಎದ್ರೆ ತಾನೇ ನಾವ್ ಎದ್ದಂಗೆ" ಅನ್ನುತ್ತಿದ್ದರು. ಸುಳ್ಳೇನಲ್ಲ. ಅದು ಎದ್ದು ಕೂರುವ ಹೊತ್ತಿಗೆ ನನ್ನ ಕಾಫಿ ಆರಿರುತ್ತಿತ್ತು.

ಕಂಪ್ಯೂಟರ್ ಬರುವ ಮುಂಚೆ ವರದಿಗಳೂ ಬಸ್ಸಿನಲ್ಲೇ ಬರುತ್ತಿದ್ದವು, ಡ್ರೈವರ್ ಪಕ್ಕದಲ್ಲಿ, ಒಂದು ಖಾಕಿ ಕವರಿನಲ್ಲಿ. ಕವರಿಗೆ ಗೋಂದು ಹಚ್ಚಿದ್ದರೂ ದಾರಿಯಲ್ಲಿ ಅದು ಹೇಗೋ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಸೀಟಿನವರಿಗೆ ಹೊತ್ತು ಹೋಗಬೇಕಲ್ಲ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕವರು ಇಸಿದುಕೊಳ್ಳುವಷ್ಟರಲ್ಲಿ ಕಂಡಕ್ಟರ್ರೇ "ಮೇಡಂ, ರೈಸ್‌ಮಿಲ್ ಸಾಹುಕಾರ್ರಿಗೆ ಸಕ್ಕರೆ ಕಾಯ್ಲೆ ಬಂದೈತಂತೆ" ಎಂದು ನನಗೆ ಸುದ್ದಿ ಹೇಳಿದ್ದೂ ಉಂಟು. ಆಮೇಲೆ ಲ್ಯಾಬಿನ ಡಾಕ್ಟರು ಬಸ್ಸಿನ ಕವರು ನಿಲ್ಲಿಸಿದರು. ತುಮಕೂರಿನಲ್ಲಿ ಒಂದು ಸರ್ವರ್ ಕೂರಿಸಿದರು. ವರದಿ ಅದರೊಳಗೆ ಹೋಗುವುದು, ನಾನು ಗುಬ್ಬಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಆ ಪುಟ ತೆರೆದು ಪ್ರಿಂಟು ತೆಗೆಯುವುದು. ಕುಣಿಗಲ್ ಸೆಂಟರಿಗೆ ಹೊಸ ಕಂಪ್ಯೂಟರ್ ಬಂತು. ನಮಗೆ ಡಾಕ್ಟರ ಮನೆಯಲ್ಲಿ ಮೂಲೆಗೆ ಬಿದ್ದಿದ್ದು ಬಂತು.

ಸರ್ವರ್ ನೋಡಿಕೊಳ್ಳುತ್ತಿದ್ದವನು ನಾಗರಾಜು. ತುಮಕೂರಿನವನೇ, ನನಗಿಂತ ನಾಲ್ಕಾರು ವರ್ಷ ಚಿಕ್ಕವನು, ಮಾತು ಶುರು ಮಾಡಿದರೆ ಊಟ ಮರೆಯುವ ಜಾತಿ. ಜೂನ್ ಕೊನೆಯಲ್ಲಿ ನಾನು ಸೂಜಿ, ಹತ್ತಿ ತರಲು ಲ್ಯಾಬಿಗೆ ಹೋದಾಗ ಅವನು ಕುರ್ಚಿ ಎಳೆದು ಕೂರಿಸಿದ.

"ಶಾರದಮ್ಮ, ಇಲ್ಲ್ ನೋಡಿ. ಫ್ರೀ ಪ್ರೋಗ್ರಾಂ. ಯಾರೋ ಪುಣ್ಯಾತ್ಮ ಎಲ್ಲೋ ಕೂತ್ಕಂಡು ಬರ್ದು ಊರಿಗೆಲ್ಲ ಬುಟ್ಟವ್ನೆ."

ಪರದೆ ಕಪ್ಪಗಿತ್ತು. ಚಿತ್ರವಿಲ್ಲ, ಒತ್ತುವ ಬಟನ್ನಿಲ್ಲ. ಅವನು ಒಂದು ಸಾಲು ಟೈಪು ಮಾಡಿ, ಕೊನೆಗೆ ನಮ್ಮ ಸರ್ವರಿನ ಹೆಸರು ಹಾಕಿ ಎಂಟರ್ ಒತ್ತಿದ. ಸಾಲುಗಳು ಒಂದರ ಹಿಂದೊಂದು ಬರತೊಡಗಿದವು, ಕೆಲವು ಹಸಿರು, ಬಹಳಷ್ಟು ಕೆಂಪು.

"ಏನ್ ಇದು, ಜಾತ್ಕಾನಾ?" ಎಂದೆ.

"ಜಾತ್ಕವೇ. ಸರ್ವರ್ದು. ಈಗ ಇಲ್ಲಿಂದ ನಿಮ್ಗೆ ರಿಪೋರ್ಟ್ ಬರ್ತದಲ್ಲ, ಅದು ದಾರೀಲಿ ಯಾರೂ ಓದ್ಬಾರ್ದು ಅಂತ ಅಕ್ಷರಾನೆಲ್ಲ ಕಲಸಿ ಕಳ್ಸ್ತೀವಿ. ಕಲಸೋಕೆ ಹಳೇ ವಿಧಾನ ಅವೆ, ಹೊಸವು ಅವೆ. ಹಳೇವು ಲಡ್ಡು. ಗೊತ್ತಿರೋನು ಕೂತ್ರೆ ಬಿಚ್ಚಿ ಓದ್ಬೋದು. ಈ ಪ್ರೋಗ್ರಾಂ ಹೋಗಿ ನಮ್ ಸರ್ವರ್ ಬಾಗ್ಲು ತಟ್ಟಿ, ಈ ಹಳೇದ್ರಲ್ಲಿ ಮಾತಾಡಿದ್ರೆ ಒಳಗ್ ಬುಡ್ತೀಯಾ, ಇದ್ರಲ್ಲಿ ಆದ್ರೆ ಬುಡ್ತೀಯಾ ಅಂತ ಒಂದೊಂದ್ನೇ ಕೇಳ್ತದೆ. ಬಾ ಅಂದ್ರೆ ಕೆಂಪು. ಆಗಲ್ಲ ನಡಿ ಅಂದ್ರೆ ಹಸ್ರು."

"ನಮ್ದು?"

"ನಮ್ದು ಛತ್ರ. ಯಾರ್ ಬಂದ್ರೂ ಎಲೆ ಹಾಕ್ತದೆ."

ನಗು ಬಂತು. ಯಾಕೆ ಹಾಗೆ ಬಿಟ್ಟಿದ್ದೀಯ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, "ನಿಮ್ಮಿಂದ್ಲೇ" ಎಂದ. ಗುಬ್ಬಿಯ ಕಂಪ್ಯೂಟರಿಗೆ ಬರುತ್ತಿದ್ದದ್ದು ಆ ಹಳೆಯ ವಿಧಾನ ಮಾತ್ರವಂತೆ. ಅದನ್ನು ಮುಚ್ಚಿದರೆ ಸರ್ವರು ನಮ್ಮನ್ನೇ ಒಳಗೆ ಬಿಡುವುದಿಲ್ಲ. ಹೊಸ ಬ್ರೌಸರ್ ಹಾಕಲು ಅವನೇ ಒಮ್ಮೆ ಗುಬ್ಬಿಗೆ ಬಂದು ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದ್ದ. ಡಿಸ್ಕಿನಲ್ಲಿ ಜಾಗವಿಲ್ಲ, ಸೀಡಿ ಓದುವುದಿಲ್ಲ, ಅರ್ಧಕ್ಕೆ ನಿಂತು ಪರದೆ ನೀಲಿಯಾಗುತ್ತದೆ. ಸಿದ್ದಲಿಂಗಯ್ಯ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದರು.

ಆ ಪ್ರೋಗ್ರಾಂ ನಾಗರಾಜುವಿನ ಕೈಯಲ್ಲೇ ಇದ್ದಿದ್ದರೆ ಅದೊಂದು ತಮಾಷೆಯಾಗಿ ಉಳಿಯುತ್ತಿತ್ತೇನೋ. ಆಗ ವಸಂತನರಸಾಪುರದ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಅಂಥ ಒಂದು ಕಾರ್ಖಾನೆಯವರು ತಮ್ಮ ಕೆಲಸಗಾರರ ರಕ್ತಪರೀಕ್ಷೆಯನ್ನೆಲ್ಲ ನಮ್ಮ ಲ್ಯಾಬಿಗೇ ಕೊಡುವ ಮಾತಾಡಿದರು. ಅವರ ಕಡೆಯ ಕಂಪ್ಯೂಟರಿನವನು ಬಂದು ಅದೇ ಕಪ್ಪು ಪರದೆಯಲ್ಲಿ ನಮ್ಮ ಸರ್ವರಿನ ಬಾಗಿಲು ತಟ್ಟಿ ನೋಡಿದನಂತೆ. ಕೆಂಪು ಹೋಗುವವರೆಗೂ ಸಹಿ ಇಲ್ಲ ಅಂದನಂತೆ. ಡಾಕ್ಟರು ನಾಗರಾಜುವನ್ನು ಕರೆದು ಎಲ್ಲ ಹಸಿರು ಮಾಡಪ್ಪ ಅಂದರು. ಗುಬ್ಬಿ ನಿಂತುಹೋಗುತ್ತದೆ ಸಾರ್ ಅಂದದ್ದಕ್ಕೆ, "ಗುಬ್ಬಿಗೆ ಆಮೇಲೆ ಏನಾದ್ರೂ ಮಾಡೋಣ" ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೆ 'ಆಮೇಲೆ' ಅನ್ನುವುದು ಒಂದು ಅಭ್ಯಾಸ, ಊಟವಾದ ಮೇಲಿನ ಎಲೆ ಅಡಿಕೆಯ ಹಾಗೆ.

ಜಯಮ್ಮ ಬಂದದ್ದು ಆ ದಿನಗಳಲ್ಲೇ.

ಆಷಾಢದ ಗಾಳಿ ಹುಚ್ಚೆದ್ದಿತ್ತು. ಮಳೆಯೆಂದರೆ ಮುಖಕ್ಕೆ ಉಗಿದಂಥ ತುಂತುರು, ಮಿಕ್ಕಿದ್ದೆಲ್ಲ ಧೂಳು. ಬಾಗಿಲು ತೆರೆದರೆ ಚೀಟಿಗಳು ಹಾರುತ್ತಿದ್ದವು. ಮುಚ್ಚಿದರೆ ಬಂದವರು ಸೆಂಟರಿಗೆ ರಜೆ ಅಂದುಕೊಂಡು ವಾಪಸು ಹೋಗುತ್ತಿದ್ದರು. ಆಕೆ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು, ಕೂತಿದ್ದವರೆಲ್ಲ ಹೋಗುವವರೆಗೂ ಹೊರಗೆ ಜಗಲಿಯಲ್ಲೇ ನಿಂತಿದ್ದಳು. ಗುಬ್ಬಿಯ ಆಚೆ ಒಂದು ಹಳ್ಳಿಯವಳು, ಅಲ್ಲಿನ ಸ್ಕೂಲಿನಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದಳು. ಗಂಡ ಕೆಂಪಣ್ಣ ಲಾರಿ ಓಡಿಸುತ್ತಿದ್ದವನು, ಹಿಂದಿನ ವರ್ಷ ಸೊರಗಿ ಸೊರಗಿ ತೀರಿಕೊಂಡಿದ್ದ. ಏನು ಕಾಯಿಲೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಆಕೆಗೂ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಗುಬ್ಬಿಯ ಡಾಕ್ಟರೊಬ್ಬರು ಚೀಟಿಯಲ್ಲಿ ಎಚ್‌ಐವಿ ಪರೀಕ್ಷೆ ಬರೆದುಕೊಟ್ಟಿದ್ದರು.

ಒಳಗಿನ ರೂಮಿನಲ್ಲಿ ರಕ್ತ ತೆಗೆಯುವಾಗ ಆಕೆ ಸೂಜಿಯ ಕಡೆ ನೋಡಲೇ ಇಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅವ್ವಾ, ಇದು ಯಾರ್ ಯಾರ್ಗೆ ಗೊತ್ತಾಯ್ತದೆ?"

"ನಿಂಗೆ, ನಂಗೆ, ಡಾಕ್ಟ್ರಿಗೆ. ಅಷ್ಟೇ ಕಣಮ್ಮ."

"ಸ್ಕೂಲ್ನೋರ್ಗೆ ಗೊತ್ತಾದ್ರೆ ಸೌಟು ಮುಟ್ಟುಸ್ದಂಗೆ ಮಾಡ್ತಾರೆ. ಆ ಕೆಲ್ಸ ಒಂದಿರಕ್ಕೆ ಉಸ್ರಾಡ್ತಾ ಇವ್ನಿ. ಮಕ್ಕಳು ಜಯಮ್ಮಜ್ಜಿ ಅಂತವೆ, ನಂಗಿನ್ನೂ ಒಂದು ಕೂದ್ಲು ನೆರೆತಿಲ್ಲ" ಎಂದು ನಕ್ಕಳು. ನಕ್ಕದ್ದು ಮುಗಿಯುವ ಮುಂಚೆ ಸೆರಗು ಕಣ್ಣಿಗೆ ಹೋಯಿತು.

ಆ ಕಾಯಿಲೆ ಸೌಟಿನಿಂದ, ಅನ್ನದಿಂದ ಅಂಟುವುದಿಲ್ಲ ಎಂದು ಹೇಳಿದೆ. "ನೀವ್ ಹೇಳ್ತೀರಿ" ಅಂದಳು. ಇನ್ನೇನು ಹೇಳುತ್ತಾಳೆ. ವರದಿ ಶುಕ್ರವಾರ, ನನ್ನ ಕೈಯಿಂದಲೇ ಇಸಿದುಕೊ ಎಂದು ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಪುಟ ತೆರೆಯಲಿಲ್ಲ. ಬಿಳಿಯ ಪರದೆ, ಇಂಗ್ಲಿಷಿನಲ್ಲಿ ಒಂದು ಸಾಲು. ಸಿದ್ದಲಿಂಗಯ್ಯ ಇನ್ನೊಮ್ಮೆ ಊದುಬತ್ತಿ ತೋರಿಸಿದರು. ನಾನು ಫೋನು ಮಾಡಿದರೆ ನಾಗರಾಜು ಖುಷಿಯಲ್ಲಿದ್ದ.

"ಎಲ್ಲ ಹಸ್ರು ಶಾರದಮ್ಮ! ಒಂದ್ ಕೆಂಪು ಇಲ್ಲ. ಕುಣಿಗಲ್ಲಲ್ಲಿ ಟೆಸ್ಟ್ ಮಾಡ್ಸಿದ್ವಿ, ಪಟ್ಟಂತ ಓಪನ್ ಆಯ್ತು. ಡಾಕ್ಟ್ರು ಎಲ್ಲಾ ಕಡೆ ನಡೀತದೆ ಬಿಡು ಅಂದ್ರು."

"ಕುಣಿಗಲ್ಲಲ್ಲಿ ಹೊಸ ಕಂಪ್ಯೂಟ್ರು ಇರೋದು. ಗುಬ್ಬೀಲಿ ಏನಿದೆ ಅಂತ ನಿಂಗ್ ಗೊತ್ತಿಲ್ವಾ?"

ಅವನ ದನಿ ಸಣ್ಣದಾಯಿತು: "ಹೇಳ್ದೆ ಮೇಡಂ. ಆಮೇಲೆ ನೋಡೋಣ ಅಂದ್ರು."

ಬಸ್ಸಿನಲ್ಲಿ ಕವರು ಕಳಿಸಿ ಅಂದೆ. ಆಗುವುದಿಲ್ಲವಂತೆ. ಕಾರ್ಖಾನೆಯವರಿಗೆ ಬಸ್ಸಿನ ಕವರಿನ ವಿಷಯ ಗೊತ್ತಾದರೆ ಹಸಿರೆಲ್ಲ ನೀರುಪಾಲು. ಡಾಕ್ಟರು ಖಡಾಖಂಡಿತ ಬೇಡ ಅಂದಿದ್ದರು. ಇರುವುದು ಫೋನು. ಲ್ಯಾಬಿನ ಹುಡುಗಿ ಆಶಾ ಓದಿ ಹೇಳುತ್ತಾಳೆ, ಗುಬ್ಬಿಯಲ್ಲಿ ಬರೆದುಕೊಂಡು ಸೀಲು ಹಾಕಿ ಕೊಡುವುದು. ಒಂದು ವಾರದ ಮಾತು ಅಂದರು.

ಫೋನು ಇದ್ದದ್ದು ಹೊರಗಿನ ಹಾಲಿನಲ್ಲಿ, ಜನ ಕೂರುವ ಬೆಂಚಿನ ಎದುರಿಗೆ. ವೈರು ಒಳಗಿನ ರೂಮಿನವರೆಗೆ ಬರುತ್ತಿರಲಿಲ್ಲ. ಗಾಳಿಗೆ ಲೈನು ಗುಯ್‌ಗುಡುತ್ತಿತ್ತು. ಮೊದಲ ಎರಡು ದಿನ ನಾನೇ ಬೆಂಚಿನವರನ್ನು ಜಗಲಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಬರೆದುಕೊಂಡೆ. ಹೊರಗಿನವರು ಗೊಣಗಿದರು. "ರಕ್ತ ನಮ್ದು, ಗುಟ್ಟು ಇವ್ರ್ದು" ಎಂದು ಒಬ್ಬ ಮುದುಕ ಎಲ್ಲರನ್ನೂ ನಗಿಸಿದ.

ಹೀಗೆ ನಡೆಯುವುದಿಲ್ಲ ಎಂದು ಬುಧವಾರ ತುಮಕೂರಿಗೆ ಹೊರಟೆ. ಶುಕ್ರವಾರದೊಳಗೆ ಯಾವುದಾದರೂ ಒಂದು ಕಂಪ್ಯೂಟರು ಹೊತ್ತು ತರುವುದೆಂದು ನಿಶ್ಚಯ ಮಾಡಿದ್ದೆ. ಇವತ್ತು ಬರುವ ವರದಿಗಳನ್ನು ಸಿದ್ದಲಿಂಗಯ್ಯ ಬರೆದುಕೊಳ್ಳಲಿ. ಜಯಮ್ಮನದು ಬರುವುದು ಶುಕ್ರವಾರ ತಾನೆ. ಲ್ಯಾಬಿನಲ್ಲಿ ಡಾಕ್ಟರು ಕಾರ್ಖಾನೆಯವರ ಜೊತೆ ಒಳಗಿದ್ದರು. ಹೊರಗೆ ಕಾದೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು, ಡಬ್ಬಿ ತೊಳೆದು, ಮತ್ತೆ ಕಾದೆ. ಡಾಕ್ಟರು ಹೊರಬಂದಾಗ ಮುಖ ಬೆಳಗುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ "ಆಮೇಲೆ ಶಾರದಾ" ಅಂದರು.

"ಆಮೇಲೆ ಇಲ್ಲ ಸಾರ್, ಈಗ" ಎಂದೆ. ಹಾಗೆ ನಾನು ಅವರಿಗೆ ಹೇಳಿದ್ದು ಅದೊಂದೇ ಸಲ. ಅವರು ಸುಮ್ಮನೆ ನನ್ನನ್ನು ನೋಡಿ, ರಿಸೆಪ್ಷನ್ನಿನಲ್ಲಿ ಎರಡಿದೆ, ಒಂದು ತಗೊಂಡು ಹೋಗು ಅಂದರು. ಇಷ್ಟು ಸುಲಭವಿತ್ತು. ನಾಗರಾಜು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನವರೆಗೆ ಹೊತ್ತು ತಂದ. ಕಂಡಕ್ಟರ್ ಲಗೇಜು ಟಿಕೆಟ್ ಹರಿಯುತ್ತಾ, "ಏನಕ್ಕಾ, ಮಗೀಗೆ ಶೀತ ಆದೀತಾ?" ಎಂದ. ತೊಡೆಯ ಮೇಲೆ ಇಟ್ಟುಕೊಂಡೇ ಗುಬ್ಬಿಗೆ ಬಂದೆ. ದಾರಿಯುದ್ದಕ್ಕೂ ನನಗೆ ಗೆದ್ದ ಸಮಾಧಾನ.

ಸೆಂಟರಿನಲ್ಲಿ ಬೆಂಚು ತುಂಬಿತ್ತು. ನಾನು ಒಳಗೆ ಬಂದದ್ದೇ ಮಾತು ನಿಂತಿತು. ಸಿದ್ದಲಿಂಗಯ್ಯ ಕೈಯಲ್ಲಿ ಕಾಗದ ಹಿಡಿದು ಎದ್ದು ನಿಂತರು. ಒಪ್ಪಿಸಿದ ಪಾಠಕ್ಕೆ ಮೆಚ್ಚುಗೆ ಕಾಯುವವರಂತಿತ್ತು ಮುಖ.

"ಎಲ್ಲಾ ಬರ್ಕಂಡಿವ್ನಿ ಮೇಡಂ. ಒಂದಕ್ಷರ ತಪ್ಪಿಲ್ಲ. ಶುಕ್ರುವಾರದ್ದೂ ಬಂದ್ಬುಡ್ತು."

ಕಾರ್ಖಾನೆಯವರ ರಕ್ತದ ಜೊತೆಯಲ್ಲೇ ಜಯಮ್ಮನದನ್ನೂ ಅವತ್ತೇ ಮೆಷಿನ್ನಿಗೆ ಹಾಕಿದ್ದರು. ಫಲಿತಾಂಶ ಬೇಗ ಬಂತು. ಆಶಾ ಬೇಗ ಓದಿದಳು.

ಏನಾಯಿತೆಂದು ಸಿದ್ದಲಿಂಗಯ್ಯನೇ ಹೇಳಿದರು, ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಗತೊಡಗಿತು. ಫೋನಿನಲ್ಲಿ ವರದಿ ಬರೆದುಕೊಳ್ಳುವಾಗ ಪ್ರತಿ ಮಾತನ್ನೂ ಗಟ್ಟಿಯಾಗಿ ತಿರುಗಿ ಹೇಳಿ ಒಪ್ಪಿಗೆ ಪಡೆಯಬೇಕು ಎನ್ನುವುದು ಲ್ಯಾಬಿನ ಕ್ರಮ. ಒಬ್ಬರ ವರದಿ ಇನ್ನೊಬ್ಬರಿಗೆ ಹೋಗಬಾರದಲ್ಲ. ಹೆಸರೊಂದೇ ಸಾಲದು. ನಮ್ಮ ಕಡೆ ಜಯಮ್ಮಂದಿರಿಗೆ ಬರವೇ? ಅವತ್ತು ಒಟ್ಟು ಮೂರು ಜನ ಜಯಮ್ಮಂದಿರ ವರದಿ ಇತ್ತಂತೆ. ಹಾಗಾಗಿ ಸಿದ್ದಲಿಂಗಯ್ಯ ತಾಲ್ಲೂಕು ಕಚೇರಿಯ ಪದ್ಧತಿಯಂತೆ ಗಂಡನ ಹೆಸರು, ಊರು ಹಿಡಿದು ಕೇಳಿದ್ದಾರೆ.

"ಯಾವ್ ಜಯಮ್ಮ ಅವ್ವ? ಜಯಮ್ಮ ಕೋಂ ಲೇಟ್ ಕೆಂಪಣ್ಣ. ಹಾಂ. ಊರು? ಹಾಂ, ಹಾಂ. ಎಚ್‌ಐವಿ. ಏನಂತೆ? ಗಾಳಿ ಕಣವ್ವ, ಕೇಳ್ತಿಲ್ಲ, ಜೋರಾಗ್ ಹೇಳು. ಪಾಸಿಟಿವ್ವಾ, ನೆಗೆಟಿವ್ವಾ? ಪಾಸಿಟಿವ್ವು. ಇನ್ನೊಂದ್ ಸತಿ ಹೇಳ್ತೀನಿ ಕೇಳ್ಕೊ. ಜಯಮ್ಮ ಕೋಂ ಲೇಟ್ ಕೆಂಪಣ್ಣ, ಪಾಸಿಟಿವ್ವು."

ಬೆಂಚಿನ ಮೇಲಿದ್ದ ಒಬ್ಬಳು ಸಹಾಯಕ್ಕೂ ಬಂದಿದ್ದಳಂತೆ. "ಅದೇ ಕಣಯ್ಯ, ನಮ್ಮೂರಾಕೆ, ಸ್ಕೂಲಲ್ಲಿ ಅಡ್ಗೆ ಮಾಡ್ತಾಳಲ್ಲ, ಅವ್ಳೇ" ಎಂದು. ಸಿದ್ದಲಿಂಗಯ್ಯ ಅದನ್ನೂ ಬರೆದುಕೊಂಡಿದ್ದರು, ಗುರುತಿಗೆ.

"ನಾನ್ ಏನ್ ತಪ್ಪು ಬರ್ದೆ ಮೇಡಂ?" ಎಂದು ಕೇಳಿದರು. ತಪ್ಪೇನೂ ಬರೆದಿರಲಿಲ್ಲ. ಕೈ ತನ್ನ ಕೆಲಸ ಮಾಡುತ್ತಿತ್ತು. ತಂದಿದ್ದನ್ನು ಬೆಡ್‌ಶೀಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು, ವೈರು ಸಿಕ್ಕಿಸಿ ಹಾಕಿದೆ. ಪುಟ ಒಂದೇ ಸಲಕ್ಕೆ ತೆರೆಯಿತು. ಮೂಲೆಯಲ್ಲಿ ಪುಟ್ಟ ಹಳದಿ ಬೀಗದ ಗುರುತು. ಜಯಮ್ಮನ ವರದಿ ಅದರೊಳಗೆ ಅಚ್ಚುಕಟ್ಟಾಗಿ ಕೂತಿತ್ತು.

ಶುಕ್ರವಾರ ಆಕೆ ಬಂದಾಗ ಬೆಂಚಿನ ಮೇಲೆ ಐದಾರು ಜನ ಇದ್ದರು. ಆಕೆ ತುದಿಯಲ್ಲಿ ಕೂತಳು. ಪಕ್ಕದ ಹೆಂಗಸು ಎದ್ದು ಬಾಗಿಲ ಬಳಿ ಹೋದಳು. ಇನ್ನೊಬ್ಬನಿಗೆ ಬೀಡಿಯ ನೆನಪಾಯಿತು. ಹೀಗೆ ಒಬ್ಬೊಬ್ಬರಾಗಿ ಎದ್ದು ಇಡೀ ಬೆಂಚು ಆಕೆಯೊಬ್ಬಳದಾಯಿತು. "ಕೂತ್ಕಳಿ, ನಂಗೆ ಇಷ್ಟ್ ಜಾಗ ಯಾಕೆ" ಎಂದು ಆಕೆ ಸಂಕೋಚದಿಂದ ಇನ್ನೂ ತುದಿಗೆ ಸರಿದಳು. ಯಾರೂ ಕೂರಲಿಲ್ಲ. ಆಮೇಲೆ ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

ಒಳಗೆ ಕರೆದು ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದೆ. ಯಾಕೆ ಮೆಲ್ಲಗೆ ಹೇಳಿದೆನೋ. ವರದಿಯನ್ನು ಕವರಿಗೆ ಹಾಕಿ, ಎರಡೂ ಕಡೆ ಗೋಂದು ಹಚ್ಚಿ, ಒತ್ತಿ ಕೊಟ್ಟೆ. ಕವರನ್ನು ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಸೋಮವಾರ ಸ್ಕೂಲಿನ ಮಕ್ಕಳು ಮನೆಯಿಂದ ಡಬ್ಬಿ ತಂದವಂತೆ. ಮಾರನೆಯ ದಿನ ತಾಯಂದಿರೇ ಬಂದು ಅಡುಗೆಮನೆಯ ಮುಂದೆ ನಿಂತರಂತೆ. ನಾನು ಹೆಡ್‌ಮಾಸ್ಟರನ್ನು ನೋಡಲು ಹೋದೆ. ಅವರು ಕುರ್ಚಿ ಕೊಟ್ಟು ಕೂರಿಸಿದರು. "ಅಂಟಲ್ಲ ಅಂತ ನಂಗೂ ಗೊತ್ತಮ್ಮ. ನಾನೇ ಅವ್ರ ಮುಂದೆ ಕೂತು ಆಕೆ ಬಡಿಸಿದ್ದು ಉಂಡೆ. ಮೇಷ್ಟ್ರಿಗೂ ತಲೆ ಕೆಟ್ಟಿದೆ ಅಂದ್ರು. ಇನ್ನೇನ್ ಮಾಡ್ಲಿ?" ಆ ವಾರದೊಳಗೆ ಬೇರೆ ಅಡುಗೆಯವಳು ಬಂದಳು.

ನಾಗರಾಜುವಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆಚೆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು.

"ಈಗ್ಲೂ ಹಾಕಿ ನೋಡ್ದೆ ಶಾರದಮ್ಮ" ಅಂದ. "ಎಲ್ಲಾ ಹಸ್ರೇ ತೋರ್ಸ್ತಾ ಅದೆ. ಸರ್ವರ್ ಕಡೆಯಿಂದ ಏನೂ ಸೋರಿಲ್ಲ."

ಹೌದು ನಾಗರಾಜು, ಎಂದೆ.

ಸಿದ್ದಲಿಂಗಯ್ಯ ಆಮೇಲೆ ಫೋನು ಮುಟ್ಟಲಿಲ್ಲ. ಅದು ಹೊಡೆದುಕೊಳ್ಳುತ್ತಿದ್ದರೆ ಹೊರಗೆ ಹೋಗಿ ನಿಲ್ಲುತ್ತಿದ್ದರು. ಶ್ರಾವಣ ಬಂತು. ಗಾಳಿ ನಿಂತಿತು, ಮಳೆ ಹಿಡಿಯಿತು, ಕಾರ್ಖಾನೆಯ ಕೆಲಸ ಬಂದದ್ದಕ್ಕೆ ಲ್ಯಾಬಿನವರೆಲ್ಲರಿಗೂ ಡಾಕ್ಟರು ಸ್ವೀಟು ಹಂಚಿದರು. ನಮ್ಮ ಪಾಲು ಐಸಿನ ಪೆಟ್ಟಿಗೆಯಲ್ಲಿ ಬಂತು.

ಒಂದು ಬೆಳಿಗ್ಗೆ ಜಯಮ್ಮ ಬಂದಳು. ಈ ಸಲ ಜಗಲಿಯಲ್ಲಿ ನಿಲ್ಲಲಿಲ್ಲ, ಸೆರಗೂ ಹೊದ್ದಿರಲಿಲ್ಲ. ಜನರ ನಡುವೆಯೇ ನಡೆದು ನನ್ನ ಮೇಜಿನ ಹತ್ತಿರ ಬಂದಳು. ತವರಿನಲ್ಲೂ ಇರಗೊಡಲಿಲ್ಲವಂತೆ, ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಲಿಲ್ಲ. ನಾನು ತುಮಕೂರಿನ ಸರ್ಕಾರಿ ಆಸ್ಪತ್ರೆಗೆ ಹೋಗು, ಮಾತ್ರೆ ಕೊಡುತ್ತಾರೆ, ಅಲ್ಲಿ ಹೆಸರು ಕೂಗುವುದಿಲ್ಲ, ನಂಬರಿನಲ್ಲಿ ಕರೆಯುತ್ತಾರೆ ಎಂದು ಎರಡೆರಡು ಸಲ ಹೇಳಿದೆ.

"ಹೆಸ್ರಲ್ಲೇ ಕೂಗ್ಲಿ ಬುಡಿ" ಎಂದಳು. "ಮೈಕ್ ಹಾಕ್ಕಂಡು ಕೂಗ್ಲಿ."

ರವಿಕೆಯೊಳಗಿಂದ ಕವರು ತೆಗೆದು ಮೇಜಿನ ಮೇಲಿಟ್ಟಳು. ಬೆವರಿಗೆ ಮೆತ್ತಗಾಗಿತ್ತು. ಗೋಂದು ನಾನು ಒತ್ತಿದ ಹಾಗೇ ಇತ್ತು, ಒಂದು ಮೂಲೆಯೂ ಎದ್ದಿರಲಿಲ್ಲ.

"ಇದ ನೀವೇ ಮಡೀಕಳಿ ಅವ್ವ. ನಂಗೆ ಓದಕ್ ಬರಲ್ಲ. ಓದಕ್ ಬರೋರೆಲ್ಲ ಓದಾಯ್ತು."